ಒಂಬತ್ತನೇ ಕಲಮು

ಸೊಹಾರಿನ ಈ ಮನೆಯ ಬಾಡಿಗೆ ಪತ್ರದಲ್ಲಿ
ಒಂಬತ್ತನೇ ಕಲಮು ಹೀಗಿದೆ:
ಅಂಗಳ ಗುಡಿಸುವುದು, ನೀರು ಹಾಯಿಸುವುದು ಬಾಡಿಗೆದಾರರ ಕೆಲಸ,
ಮರ ಸವರುವುದು, ಕಡಿಯುವುದು ಮಾಲೀಕರದು.
ಬೇರಿನ ಬಗ್ಗೆ ಒಂದು ಮಾತೂ ಇಲ್ಲ.

ಬೇರು ಸಿಕ್ಕಿದ್ದು ಜುಲೈಯಲ್ಲಿ,
ಬಚ್ಚಲ ನೀರು ಬಂದ ದಾರಿಗೆ ಸುಂಕವಿಲ್ಲವೆಂದು
ತಿರುಗಿ ಉಕ್ಕಿದ ದಿನ.
ಪ್ಲಂಬರ್ ಮೊಫಿಜುಲ್ ಪೈಪಿನೊಳಗೆ ಕೈ ಹಾಕಿ
ಹೆರಿಗೆ ಮಾಡಿಸುವವನ ಹಾಗೆ ಮೆಲ್ಲಗೆ ಎಳೆದ.
ಒಂದು ಮೊಳ, ಎರಡು ಮೊಳ, ಮೂರು,
ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯಂಥ ಬೇರು.
ಗೋಡೆ ಪಕ್ಕದ ದಮಾಸ್ ಮರ
ನಾವು ಮಿಂದ ನೀರು ಕುಡಿದೇ ಇಷ್ಟು ವರ್ಷ ಹಸಿರಾಗಿತ್ತು.
ನಲವತ್ತೈದು ರಿಯಾಲ್, ಅಂದ. ಪೈಪಿನ ದುಡ್ಡೂ ಸೇರಿ.

ಹಿಲರಿ ಲೆಕ್ಕದ ಮನುಷ್ಯ.
ಪತ್ರ ತೆಗೆದ, ಕನ್ನಡಕ ಹಾಕಿದ,
ಮರ ಮಾಲೀಕರದು, ಬೇರೂ ಮರವೇ, ಅಂದ.
ಖಲ್ಫಾನ್ ಬಂದರು, ಚಪ್ಪಲಿ ಹೊರಗೆ ಬಿಟ್ಟು,
ನನ್ನ ಖಾವಾದಲ್ಲಿ ಏಲಕ್ಕಿ ಕಡಿಮೆಯೆಂದು ಹೇಳಿ,
ಆಮೇಲೆ ಕೇಳಿದರು:
ನೀರು ಯಾರದು, ಮೇಡಂ?
ನಮ್ಮದು.
ಬೇರು ಹೋದದ್ದು ಯಾರ ನೀರಿಗೆ?

ನಾನು ಕಾರ್ಕಳದವಳು ಮಾರಾಯ್ರೇ,
ಬೇಲಿ ಜಗಳ ನೋಡಿಯೇ ದೊಡ್ಡವಳಾದವಳು.
ಬಾಡಿಗೆಗೆ ಬಂದಾಗ ನಿಮ್ಮ ಗಾಡಿ ನಿಲ್ಲಿಸುವುದು
ಯಾವ ನೆರಳಲ್ಲಿ, ಅಂದೆ.
ಅವರು ನಕ್ಕರು. ಹಲ್ಲಿನ ಸಂದಿಯಲ್ಲಿ ಖರ್ಜೂರದ ನಾರು.

ನಿಜ ಹೇಳಬೇಕೆಂದರೆ
ಮರ ನೆಟ್ಟವರು ನಾವಿಬ್ಬರೂ ಅಲ್ಲ.
ನಮಗಿಂತ ಮೊದಲಿದ್ದ ಈಜಿಪ್ಟಿನ ಮೇಷ್ಟರು,
ಹೆಂಡತಿ ಬಟ್ಟೆ ಒಣಹಾಕುವುದು ಬೀದಿಗೆ ಕಾಣಬಾರದೆಂದು
ಆರು ಕಡ್ಡಿ ಊರಿದರಂತೆ. ಐದು ಸತ್ತವು.
ಅವರ ನಂಬರಿಗೆ ಫೋನ್ ಮಾಡಿದರೆ
ಈಗ ಯಾರೋ ಟಯರ್ ಅಂಗಡಿಯವನು ಎತ್ತುತ್ತಾನೆ.

ಅರ್ಧರ್ಧ ಮಾಡಿಕೊಂಡೆವು. ಇಪ್ಪತ್ತೆರಡೂವರೆ.
ಅರೆ ರಿಯಾಲಿನ ನೋಟು ಮರೆತರೆಂದು
ಹಿಲರಿ ಗೇಟಿನ ತನಕ ಓಡಿದ.

ಮರ ಕಡಿದ ಮೇಲೆ ಅಡುಗೆಮನೆಗೆ ಬಿಸಿಲು ಬಂತು,
ಮೂರು ಗಂಟೆಯ ಬಿಸಿಲು, ಹೇಳದೆ ಬಂದ ನೆಂಟನಂತೆ
ಕಟ್ಟೆಯ ಮೇಲೆ ಕೂತದ್ದು ಏಳಲೇ ಇಲ್ಲ.
ಕರೆಂಟು ಬಿಲ್ಲು ಏರಿತು. ಅದು ಯಾವ ಕಲಮಿಗೆ?
ಬುಲ್‌ಬುಲ್ ಜೋಡಿ ಎರಡು ದಿನ ಗೋಡೆಯ ಮೇಲೆ ಕೂತು
ಹೊರಟುಹೋಯಿತು.
ಅವಕ್ಕೆ ನಾವು ನೋಟೀಸು ಕೊಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಮಾತ್ರ ಖಲ್ಫಾನ್ ಕರೆಯದೆಯೇ ಬರುತ್ತಾರೆ.
ಅಂಗಳದ ಖರ್ಜೂರದ ಮರ ಹೆಣ್ಣು.
ಗಂಡು ಹೂವಿನ ಕಟ್ಟನ್ನು ಹಲ್ಲಲ್ಲಿ ಕಚ್ಚಿ,
ಸೊಂಟಕ್ಕೆ ಹಗ್ಗದ ಪಟ್ಟಿ ಬಿಗಿದು,
ಅರವತ್ತೆಂಟರ ಈ ಮನುಷ್ಯ ಮೇಲೇರಿ
ಹೊಂಬಾಳೆಯ ನಡುವೆ ಸಿಕ್ಕಿಸಿ ಇಳಿಯುತ್ತಾರೆ,
ಹುಬ್ಬಿನ ತುಂಬ ಹಳದಿ ಹುಡಿ.
ಈ ಕೆಲಸ ಪತ್ರದಲ್ಲಿ ಎಲ್ಲೂ ಇಲ್ಲ.
ಹಣ್ಣು ಯಾರಿಗೆಂದು ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.

ಈಗ ಮನೆ ಬಿಡುತ್ತಿದ್ದೇವೆ.
ಹದಿನಾಲ್ಕನೇ ಕಲಮು: ಇದ್ದ ಸ್ಥಿತಿಯಲ್ಲೇ ಒಪ್ಪಿಸತಕ್ಕದ್ದು.
ಮೊಳೆ ಕಿತ್ತೆವು, ತೂತಿಗೆ ಪುಟ್ಟಿ ಹಚ್ಚಿದೆವು.
ಆದರೆ ಒಂಬತ್ತು ವರ್ಷದಲ್ಲಿ ಖರ್ಜೂರ
ಹಿಲರಿಯ ಒಂದಾಳು ಮೇಲೆ ಹೋಗಿದೆ.
ಅಷ್ಟನ್ನು ಹೇಗೆ ಇಳಿಸಿ ಕೊಡಲಿ?
ದಮಾಸಿನ ಬುಡ್ಡೆಯಲ್ಲಿ ಮತ್ತೆ ಚಿಗುರು.
ನಲ್ಲಿಯ ಹತ್ತಿರ ನನ್ನ ಕರಿಬೇವು,
ಸುತ್ತ ಮೂರು ಮರಿ,
ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಖಲ್ಫಾನ್ ಒಂದೊಂದೇ ನಲ್ಲಿ ತಿರುಗಿಸಿ ನೋಡಿ ಸಹಿ ಹಾಕಿದರು.
ಗೇಟಿನ ತನಕ ಹೋದವರು ತಿರುಗಿ ಬಂದು
ಕರಿಬೇವಿನ ಎಲೆ ಕಿವುಚಿ ಮೂಸಿ,
ಹಿಲರಿಯ ಪೆನ್ನು ಮತ್ತೆ ಕೇಳಿ ಪಡೆದು
ಅಂಗೈ ಚಾಚಿಕೊಂಡು ಕೇಳಿದರು,
ಇದಕ್ಕೆ ನೀರು ಎಷ್ಟು, ಯಾವ ಹೊತ್ತಿಗೆ?

ಸಂಜೆ, ಅಂದೆ. ಒಂದು ಚೆಂಬು.
ಬಟ್ಟೆ ಒಗೆದ ನೀರು ಬೇಡ.